ಬೇಸ್‌ಮೆಂಟಿನಲ್ಲಿ ಸಿಕ್ಕ ಹಳೇ ಪೂಲ್ ಕ್ಯೂ: ಮಾರಿದರೆ ಎಷ್ಟು ಬರುತ್ತದೆ?

ಅಮೆರಿಕದಲ್ಲಿ ಹಳೇ ಮನೆ ಕೊಂಡ ನಮ್ಮವರಿಗೆ ಬೇಸ್‌ಮೆಂಟಿನಲ್ಲಿ ಒಂದು ಪೂಲ್ ಟೇಬಲ್ ಸಿಗುವುದು ಅಪರೂಪವೇನಲ್ಲ. ಟೇಬಲ್ ಭಾರ, ಸಾಗಿಸುವುದು ದೊಡ್ಡ ರಗಳೆ ಅಂತ ಮಾರಿದವರು ಅಲ್ಲೇ ಬಿಟ್ಟು ಹೋಗಿರುತ್ತಾರೆ. ಜೊತೆಗೆ ಗೋಡೆಗೆ ಒರಗಿಸಿದ ನಾಲ್ಕೈದು ಕ್ಯೂಗಳೂ, ಅಂದರೆ ಚೆಂಡು ಹೊಡೆಯುವ ಕೋಲುಗಳೂ, ಇರುತ್ತವೆ. ಅವುಗಳಲ್ಲಿ ಒಂದು ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆ, ಹಿಡಿಯ ಕಡೆ ಬಣ್ಣಬಣ್ಣದ ಕುಸುರಿ ಇದೆ, ದಾರ ಸುತ್ತಿದೆ. ನೋಡಿದರೆ ಏನೋ ವಿಶೇಷ ಅನ್ನಿಸುತ್ತದೆ. ಆಗ ಹುಟ್ಟುವ ಪ್ರಶ್ನೆ ಒಂದೇ: ಇದಕ್ಕೆ ಎಷ್ಟು ಬರಬಹುದು?

ಉತ್ತರ ಇಪ್ಪತ್ತು ಡಾಲರ್ ಇರಬಹುದು, ಇಪ್ಪತ್ತು ಸಾವಿರವೂ ಇರಬಹುದು. ಕಷ್ಟ ಏನೆಂದರೆ, ಹೊಸಬರ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಹಳೇದಾದಷ್ಟೂ ಬೆಲೆ ಜಾಸ್ತಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. 1970ರ ದಶಕದ ಅಗ್ಗದ ಕ್ಯೂ ಇವತ್ತಿಗೂ ಅಗ್ಗದ್ದೇ. ಯಾರು ಮಾಡಿದ್ದು, ಅದನ್ನು ತೋರಿಸಿಕೊಡಲು ಆಗುತ್ತದೆಯೇ, ಮೊದಲಿದ್ದದ್ದರಲ್ಲಿ ಎಷ್ಟು ಉಳಿದಿದೆ, ಇಂಥದ್ದೇ ಇನ್ನೊಂದಕ್ಕೆ ಈಚೆಗೆ ಯಾರಾದರೂ ಎಷ್ಟು ಕೊಟ್ಟರು: ಬೆಲೆ ನಿಲ್ಲುವುದು ಇಷ್ಟರ ಮೇಲೆ.

ದುಡ್ಡು ಇರುವುದು ಯಾವ ಅರ್ಧದಲ್ಲಿ

ಪೂಲ್ ಕ್ಯೂ ಸಾಮಾನ್ಯವಾಗಿ 57ರಿಂದ 58 ಇಂಚು ಉದ್ದ, 18ರಿಂದ 21 ಔನ್ಸ್ ತೂಕ. ನಡುವೆ ಜಾಯಿಂಟ್. ಚೆಂಡಿನ ಕಡೆಯ ಸಪೂರ ಅರ್ಧ ಶಾಫ್ಟ್, ಕೈಯಲ್ಲಿ ಹಿಡಿಯುವ ದಪ್ಪ ಅರ್ಧ ಬಟ್. ಶಾಫ್ಟಿನ ತುದಿಗೆ ಫೆರೂಲ್ ಎಂಬ ಬಿಳಿ ಬಳೆ, ಅದರ ಮೇಲೆ ಚರ್ಮದ ಟಿಪ್.

ಆಡುವವನಿಗೆ ಮುಖ್ಯವಾದದ್ದು ಶಾಫ್ಟ್. ಚೆಂಡಿಗೆ ಪೆಟ್ಟು ಹೇಗೆ ಬೀಳುತ್ತದೆ, ಸ್ಪಿನ್ ಕೊಟ್ಟಾಗ ಚೆಂಡು ಎಷ್ಟು ಪಕ್ಕಕ್ಕೆ ಸರಿಯುತ್ತದೆ ಅನ್ನುವುದನ್ನು ಬಹುಮಟ್ಟಿಗೆ ಅದೇ ತೀರ್ಮಾನಿಸುತ್ತದೆ. ಆದರೆ ಮಾರುಕಟ್ಟೆ ನೋಡುವುದು ಬಟ್ಟನ್ನು. ಕಾರಣ ಸರಳ. ಶಾಫ್ಟ್ ಸವೆಯುವ ಮಾಲು. ಬಳಸಿ ಬಳಸಿ, ಉಜ್ಜಿ ಉಜ್ಜಿ ಅದು ತೆಳುವಾಗುತ್ತದೆ, ಬಾಗುತ್ತದೆ, ಕೊನೆಗೆ ಹೊಸದು ಹಾಕಿಸಬೇಕಾಗುತ್ತದೆ. ಬಟ್ ಹಾಗಲ್ಲ. ತಯಾರಕನ ಕೈಚಳಕ, ಮರ, ಕುಸುರಿ, ಸಹಿ ಎಲ್ಲಾ ಇರುವುದು ಅಲ್ಲೇ. ತಂತಿ ಬದಲಿಸಿದ ಮಾತ್ರಕ್ಕೆ ವೀಣೆ ಬೇರೆಯಾಗುವುದಿಲ್ಲ, ಅಲ್ವಾ? ಹಾಗೆಯೇ ಟಿಪ್, ಬಟ್ಟಿನ ಬುಡದ ರಬ್ಬರ್ ಬಂಪರ್, ಸುತ್ತಿದ ದಾರ ಇವೆಲ್ಲಾ ಹೊಸದಾಗಿದ್ದರೂ ಕೊಳ್ಳುವವರು ತಲೆ ಕೆಡಿಸಿಕೊಳ್ಳುವುದಿಲ್ಲ. ಬಟ್ ಬಾಗಿದ್ದರೆ ಮಾತ್ರ ಕಥೆ ಮುಗಿಯಿತು. ಅದನ್ನು ನೆಟ್ಟಗೆ ಮಾಡುವ ನಂಬಿಕೆಯ ದಾರಿ ಇಲ್ಲ.

ಅದಕ್ಕೇ ಪರೀಕ್ಷೆ ಶುರುವಾಗಬೇಕಾದದ್ದು ನೇರ ಇದೆಯೇ ಅನ್ನುವುದರಿಂದ. ಎಲ್ಲರೂ ಮಾಡುವುದು ಜೋಡಿಸಿದ ಕ್ಯೂವನ್ನು ಟೇಬಲ್ ಮೇಲೆ ಉರುಳಿಸಿ ನೋಡುವುದು. ಅದಷ್ಟೇ ಸಾಲದು. ಮೊದಲು ಜೋಡಿಸಿ ಉರುಳಿಸಿ, ತುದಿ ಕುಣಿಯುತ್ತದೆಯೇ ನೋಡಿ. ಆಮೇಲೆ ಬಿಚ್ಚಿ ಶಾಫ್ಟನ್ನು ಬೇರೆ, ಬಟ್ಟನ್ನು ಬೇರೆ ಉರುಳಿಸಿ. ಕ್ಯೂ ಒಂದು ತುದಿಯಿಂದ ಇನ್ನೊಂದಕ್ಕೆ ಸಪೂರವಾಗುತ್ತಾ ಹೋಗುವುದರಿಂದ ಟೇಬಲ್ಲಿಗೂ ಅದಕ್ಕೂ ನಡುವೆ ಸ್ವಲ್ಪ ಬೆಳಕು ಕಾಣುವುದು ಸಹಜ. ಆ ಬೆಳಕಿನ ಗೀರು ಉರುಳಿಸುವಾಗ ಒಂದೇ ಸಮ ಇದ್ದರೆ ಚಿಂತೆ ಇಲ್ಲ. ದೊಡ್ಡದು, ಚಿಕ್ಕದು, ದೊಡ್ಡದು ಅಂತ ಬದಲಾಗುತ್ತಿದ್ದರೆ ಬಾಗಿದೆ ಅಂತ ಅರ್ಥ. ಎರಡೂ ತುಂಡು ಬೇರೆಬೇರೆಯಾಗಿ ನೆಟ್ಟಗಿದ್ದು, ಜೋಡಿಸಿದಾಗ ಮಾತ್ರ ಕುಣಿದರೆ ತೊಂದರೆ ಇರುವುದು ಜಾಯಿಂಟಿನಲ್ಲಿ. ಎರಡು ತುಂಡನ್ನು ತಿರುಗಿಸಿ ಜೋಡಿಸುವ ಪಿನ್ ಸೊಟ್ಟಗಾಗಿರಬಹುದು, ಅಥವಾ ಎರಡು ಮುಖಗಳು ಸರಿಯಾಗಿ ಕೂರುತ್ತಿಲ್ಲ. ಇದನ್ನು ಒಳ್ಳೆಯ ಕುಶಲಕರ್ಮಿ ಎಷ್ಟೋ ಸಲ ಸರಿ ಮಾಡಬಲ್ಲ.

ಶಾಫ್ಟಿನ ತುದಿಯ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆಯಿರಿ. ಅಮೆರಿಕದ ಹಳೆಯ ಕ್ಯೂಗಳು ಹೆಚ್ಚಾಗಿ 13 ಮಿ.ಮೀ. ಆಸುಪಾಸಿನಲ್ಲಿ ಹುಟ್ಟಿದವು. ಈಗ 12ಕ್ಕಿಂತ ಕೆಳಗಿದ್ದರೆ ಯಾರೋ ಮರಳು ಕಾಗದ ಹಿಡಿದು ಚೆನ್ನಾಗಿ ತಿಕ್ಕಿದ್ದಾರೆ. ಬಟ್ಟಿನ ಜಾಯಿಂಟಿನಲ್ಲಿರುವ ಉಂಗುರದ ವಿನ್ಯಾಸವೇ ಶಾಫ್ಟಿನ ಬುಡದಲ್ಲೂ ಇದೆಯೇ ನೋಡಿ. ಎರಡೂ ಹೊಂದಿದರೆ ಶಾಫ್ಟ್ ಕ್ಯೂ ಜೊತೆಗೇ ಬಂದದ್ದು ಅನ್ನಲು ಅದೇ ಒಳ್ಳೆಯ ಗುರುತು. ಒಳ್ಳೆಯ ಕ್ಯೂಗಳಿಗೆ ಎರಡು ಶಾಫ್ಟ್ ಕೊಡುವ ರೂಢಿ ಇತ್ತು. ಎರಡೂ ಉಳಿದಿದ್ದರೆ ಬೆಲೆ ಏರುತ್ತದೆ. ಒಂದೇ ಇದ್ದು, ಅದೂ ಬೇರೆಲ್ಲಿಂದಲೋ ತಂದು ಸಿಕ್ಕಿಸಿದ್ದಾದರೆ ಇಳಿಯುತ್ತದೆ.

ಕುಸುರಿ ಓದುವುದು

ಬಟ್ಟಿನ ಮುಂಭಾಗದಲ್ಲಿ ಮೇಲ್ಮುಖವಾಗಿ ಚೂಪಾದ ತ್ರಿಕೋನಗಳು ಕಾಣುತ್ತವೆ. ಅವನ್ನು ಪಾಯಿಂಟ್ ಅನ್ನುತ್ತಾರೆ. ಭೂತಗನ್ನಡಿ ಹಿಡಿದು ಐದು ನಿಮಿಷ ಇವನ್ನೇ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಪಾಯಿಂಟ್ ಮೂಡುವುದು ಹಲವು ರೀತಿ. ಹಳೆಯ ಕ್ರಮದಲ್ಲಿ ಮೇಪಲ್ ಮರವನ್ನೂ ಎಬೊನಿ ಅಥವಾ ಬೀಟೆಯಂಥ ಗಾಢ ಮರವನ್ನೂ ಹಲ್ಲು ಹಲ್ಲಾಗಿ ಕತ್ತರಿಸಿ, ಒಂದರೊಳಗೊಂದು ಕಚ್ಚಿಸಿ ಅಂಟಿಸುತ್ತಾರೆ. ಇದು ಫುಲ್ ಸ್ಪ್ಲೈಸ್. ಇಲ್ಲಿ ಪಾಯಿಂಟ್ ಬರೀ ಅಲಂಕಾರವಲ್ಲ, ಕ್ಯೂವಿನ ಎರಡು ಮರಗಳನ್ನು ಹಿಡಿದಿಡುವ ಬೆಸುಗೆಯೇ ಅದು. ಇನ್ನೊಂದು ಹಾಫ್ ಸ್ಪ್ಲೈಸ್. ಮುಂಭಾಗದ ಮರದಲ್ಲಿ ಇಂಗ್ಲಿಷಿನ ವಿ ಆಕಾರದ ಕಾಲುವೆ ಕೊರೆದು, ಬೇರೆ ಮರದ ಪಟ್ಟಿಯನ್ನು ಅದರಲ್ಲಿ ಕೂರಿಸಿ, ಆಮೇಲೆ ಲೇತಿನಲ್ಲಿ ಗುಂಡಗೆ ತಿರುಗಿಸುತ್ತಾರೆ. ಪಟ್ಟಿಯ ಕೆಳಗೆ ಹಸಿರು, ಕಿತ್ತಳೆ, ಬಿಳಿ ಅಂತ ತೆಳು ಹಾಳೆಯಂಥ ವೆನೀರುಗಳನ್ನು ಪದರ ಪದರವಾಗಿ ಇಟ್ಟಿದ್ದರೆ, ಪಾಯಿಂಟಿನ ಸುತ್ತ ಬಣ್ಣದ ಗೆರೆಗಳು ಒಂದರ ಹೊರಗೊಂದು ಕಾಣುತ್ತವೆ.

ಕೈಕೆಲಸದ ಪಾಯಿಂಟಿನ ತುದಿ ಸೂಜಿಯ ಹಾಗೆ ಚೂಪು. ಅದರ ಜೊತೆ, ಪಾಯಿಂಟುಗಳ ಎತ್ತರದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರಬಹುದು. ಅದು ದೋಷವಲ್ಲ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಗುಳಿ ತೋಡಿ ಕೂರಿಸಿದ ಪಾಯಿಂಟಿನ ತುದಿ ಸ್ವಲ್ಪ ಗುಂಡಗಿರುತ್ತದೆ, ಏಕೆಂದರೆ ಕೊರೆಯುವ ಉಳಿ ತಿರುಗುವಂಥದ್ದು. ಇವೂ ಒಳ್ಳೆಯ ಕ್ಯೂಗಳೇ, ಆದರೆ ಬೇರೆ ಕಾಲದವು, ಬೇರೆ ಬೆಲೆಯವು. ಕೊನೆಯದು ಡಿಕಾಲ್, ಅಂದರೆ ಅಂಟಿಸಿದ ಚಿತ್ರ. ಬೆಳಕಿಗೆ ಓರೆಯಾಗಿ ಹಿಡಿದರೆ ಚಿತ್ರದ ಅಂಚು ಕಾಣುತ್ತದೆ. ಚಿತ್ರದೊಳಗೆ ಮರದ ಎಳೆಯೇ ಇರುವುದಿಲ್ಲ, ಇದ್ದರೂ ಮುದ್ರಣದ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಡಿಕಾಲ್ ಅಂತ ಖಾತ್ರಿಯಾದರೆ ಮುಂದಕ್ಕೆ ಹೆಚ್ಚು ಹುಡುಕಬೇಕಾಗಿಲ್ಲ. ಮನೆಯಲ್ಲೇ ಇಟ್ಟುಕೊಂಡು ಮಕ್ಕಳಿಗೆ ಆಡಲು ಕೊಡಿ.

ಬಿಚ್ಚಿಕೊಳ್ಳದ, ಒಂದೇ ತುಂಡಿನ ಕ್ಯೂ ಸಿಕ್ಕಿದರೆ ಅದು ಹೌಸ್ ಕ್ಯೂ. ಪೂಲ್ ಹಾಲ್‌ಗಳಲ್ಲಿ ಬಂದವರಿಗೆಲ್ಲಾ ಕೊಡುವ ಸ್ಟಿಕ್. ಇದನ್ನು ಸುಮ್ನೆ ಎಸೆಯಬೇಡಿ. ಬ್ರನ್ಸ್‌ವಿಕ್ ಕಂಪನಿ ಹಿಂದೆ ಮಾರುತ್ತಿದ್ದ ಟೈಟ್ಲಿಸ್ಟ್ ಎಂಬ ಒಂದೇ ತುಂಡಿನ ಫುಲ್ ಸ್ಪ್ಲೈಸ್ ಕ್ಯೂಗಳನ್ನು ಇವತ್ತು ಕುಶಲಕರ್ಮಿಗಳು ಹುಡುಕಿಕೊಂಡು ಬರುತ್ತಾರೆ. ಅದನ್ನು ಕತ್ತರಿಸಿ, ಜಾಯಿಂಟ್ ಹಾಕಿ, ಹೊಸ ಶಾಫ್ಟ್ ಕೊಟ್ಟು ಎರಡು ತುಂಡಿನ ಕ್ಯೂ ಮಾಡುತ್ತಾರೆ. ಆ ಮರ, ಆ ಬೆಸುಗೆ ಈಗ ಸುಲಭವಾಗಿ ಸಿಗುವುದಿಲ್ಲ. ಕೆನಡಾದ ಡಫರಿನ್ ಹೌಸ್ ಕ್ಯೂಗಳಿಗೂ, ಮೇಪಲ್ ಎಲೆಯ ಗುರುತು ಇರುವಂಥವಕ್ಕೆ, ಇದೇ ಕಾರಣಕ್ಕೆ ಗಿರಾಕಿ ಇದೆ. ಹೀಗೆ ನೋಡಲು ಹೌಸ್ ಕ್ಯೂ ಥರ ಇದ್ದು ಒಳಗೆ ಜಾಯಿಂಟ್ ಬಚ್ಚಿಟ್ಟುಕೊಂಡಿರುವ ಕ್ಯೂಗೆ ಸ್ನೀಕಿ ಪೀಟ್ ಅನ್ನುತ್ತಾರೆ. ಜೂಜಾಡುವವರು ತಾವು ಪಳಗಿದ ಆಟಗಾರರು ಅಂತ ಗೊತ್ತಾಗದಿರಲಿ ಅಂತ ಇಟ್ಟುಕೊಳ್ಳುತ್ತಿದ್ದದ್ದು.

ಹೆಸರಿನ ಬೆಲೆ, ಹೆಸರಿನ ಬಲೆ

ಈ ಲೋಕದಲ್ಲಿ ಎಲ್ಲರೂ ಹೇಳುವ ಮೊದಲ ಹೆಸರು ಜಾರ್ಜ್ ಬಾಲಬುಷ್ಕ. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ, 1924ರಲ್ಲಿ ಅಮೆರಿಕಕ್ಕೆ ಬಂದವರು. 1959ರ ಹೊತ್ತಿಗೆ ಬ್ರೂಕ್ಲಿನ್‌ನಲ್ಲಿ ಕ್ಯೂ ಮಾಡಲು ಶುರು ಮಾಡಿ, 1975ರಲ್ಲಿ ತೀರಿಕೊಳ್ಳುವವರೆಗೆ ಮಾಡಿದ್ದು ಸಾವಿರದ ಆಸುಪಾಸು ಅಷ್ಟೇ. ಅವರ ಎಷ್ಟೋ ಕ್ಯೂಗಳ ಪಾಯಿಂಟ್ ಇರುವ ಮುಂಭಾಗ ಬಂದದ್ದು ಗಸ್ ಜಾಂಬೋಟಿ, ಬರ್ಟನ್ ಸ್ಪೇನ್ ಎಂಬ ಇನ್ನಿಬ್ಬರು ಹೆಸರಾಂತರ ಕೈಯಿಂದ. ನಿಜವಾದ ಬಾಲಬುಷ್ಕ ಕ್ಯೂ ಇವತ್ತು ಹತ್ತಾರು ಸಾವಿರ ಡಾಲರಿಗೆ ಹೋಗುತ್ತದೆ.

ಈಗ ಬಲೆ ನೋಡಿ. 1986ರಲ್ಲಿ ‘ದ ಕಲರ್ ಆಫ್ ಮನಿ’ ಸಿನಿಮಾ ಬಂತು. ಅದರಲ್ಲಿ ಒಂದು ಬಾಲಬುಷ್ಕ ಕ್ಯೂ ದೊಡ್ಡ ಪಾತ್ರವನ್ನೇ ಮಾಡುತ್ತದೆ. ಪೂಲ್ ಗಂಧವಿಲ್ಲದವರಿಗೂ ಆ ಹೆಸರು ಗೊತ್ತಾಯಿತು. ಆದರೆ ಪರದೆ ಮೇಲೆ ಕಾಣುವುದು ಬಾಲಬುಷ್ಕ ಅಲ್ಲ, ಜಾಸ್ ಎಂಬ ಕಂಪನಿಯ ಕ್ಯೂ. ಇನ್ನೊಂದು ಕಡೆ, ಜಪಾನಿನ ಆಡಮ್ ಕಂಪನಿ ಪರವಾನಗಿ ಪಡೆದು ‘ಜಾರ್ಜ್ ಬಾಲಬುಷ್ಕ’ ಅನ್ನುವ ಸಹಿಯನ್ನೇ ಬಟ್ಟಿನ ಮೇಲೆ ಹಾಕಿ ಕ್ಯೂಗಳನ್ನು ಮಾರಿತು. ಅವು ಮೋಸದ ಮಾಲಲ್ಲ. ಒಳ್ಳೆಯ ಕೆಲಸದ, ಕಾನೂನುಬದ್ಧ ಕಾರ್ಖಾನೆ ಕ್ಯೂಗಳು. ಆದರೆ ಅವುಗಳ ಲೆಕ್ಕ ಹೆಚ್ಚಾಗಿ ನೂರರಲ್ಲಿ ನಡೆಯುತ್ತದೆ, ಹತ್ತು ಸಾವಿರದಲ್ಲಲ್ಲ. ಬೇಸ್‌ಮೆಂಟಿನಲ್ಲಿ ಬಾಲಬುಷ್ಕ ಸಹಿ ಕಂಡು ಕುಣಿದಾಡುವವರಲ್ಲಿ ಬಹುತೇಕರ ಕೈಯಲ್ಲಿರುವುದು ಇದೇ. ತಮಾಷೆ ಏನೆಂದರೆ ಸ್ಪಷ್ಟವಾದ ದೊಡ್ಡ ಸಹಿ ಕಂಡರೆ ಅನುಮಾನ ಜಾಸ್ತಿಯಾಗಬೇಕು. ಆ ಕಾಲದ ಅನೇಕ ಕೈತಯಾರಕರು ತಮ್ಮ ಕ್ಯೂ ಮೇಲೆ ಹೆಸರೇ ಹಾಕುತ್ತಿರಲಿಲ್ಲ.

ಆಡಮ್ ಬಗ್ಗೆ ಇನ್ನೊಂದು ಮಾತು. ಅದನ್ನು ಕಟ್ಟಿ ಬೆಳೆಸಿದ ಅಮೆರಿಕನ್ ರಿಚರ್ಡ್ ಹೆಲ್ಮ್‌ಸ್ಟೆಟರ್ ಆಮೇಲೆ ಕ್ಯಾಲವೇ ಗಾಲ್ಫ್ ಕಂಪನಿ ಸೇರಿ ಬಿಗ್ ಬರ್ತಾ ಎಂಬ ಪ್ರಸಿದ್ಧ ಗಾಲ್ಫ್ ಕ್ಲಬ್ ವಿನ್ಯಾಸ ಮಾಡಿದವರು. ಅಂದಿನ ಜಪಾನ್ ಕ್ಯೂ ಅಂದರೆ ಕಳಪೆ ಅಂತ ಮೂಗು ಮುರಿಯಬೇಡಿ ಅನ್ನಲು ಇದನ್ನು ಹೇಳಿದೆ.

ಸಾಮಾನ್ಯರ ಮನೆಯಲ್ಲಿ ಸಿಗುವುದು ಈ ಮಹಾಶಯರ ಕ್ಯೂಗಳಲ್ಲ, ಕಾರ್ಖಾನೆ ಕ್ಯೂಗಳು. ವಿಸ್ಕಾನ್ಸಿನ್ ರಾಜ್ಯದ ಮೆಕ್‌ಡರ್ಮಟ್, ವೈಕಿಂಗ್, ಶೋನ್, ಮೇರಿಲ್ಯಾಂಡಿನ ಜಾಸ್, ಮಿಸಿಸಿಪ್ಪಿಯ ಮ್ಯೂಚಿ. ಇವುಗಳಿಗೆ ಒಳ್ಳೆಯ, ಸ್ಥಿರವಾದ ಮಾರುಕಟ್ಟೆ ಇದೆ. ಗುರುತಿಸುವುದೂ ಸುಲಭ. ಮೆಕ್‌ಡರ್ಮಟ್ ಕಂಪನಿ ತನ್ನ ಹಳೆಯ ಮಾದರಿಗಳ ಪಟ್ಟಿಯನ್ನೇ ಚಿತ್ರ ಸಮೇತ ಇಂಟರ್ನೆಟ್ಟಿನಲ್ಲಿ ಇಟ್ಟಿದೆ. 1980ರ ದಶಕದ ಅದರ ಡಿ ಸೀರೀಸ್ ಕ್ಯೂಗಳನ್ನು ಸಂಗ್ರಹಿಸುವವರ ದೊಡ್ಡ ಗುಂಪೇ ಇದೆ. ಬೇರೆ ಕಂಪನಿಗಳ ಹಳೆಯ ಕ್ಯಾಟಲಾಗುಗಳನ್ನೂ ಅಭಿಮಾನಿಗಳು ಸ್ಕ್ಯಾನ್ ಮಾಡಿ ಹಾಕಿದ್ದಾರೆ. ನಿಮ್ಮ ಕ್ಯೂವಿನ ಪಾಯಿಂಟ್, ಉಂಗುರ, ಕೆಳಭಾಗದ ವಿನ್ಯಾಸವನ್ನು ಆ ಚಿತ್ರಗಳ ಪಕ್ಕ ಇಟ್ಟು ನೋಡಬೇಕು. ಮಾದರಿಯ ಸಂಖ್ಯೆ ಸಿಕ್ಕಿತು ಅಂದರೆ ಬೆಲೆ ಹುಡುಕುವ ಕೆಲಸ ಹತ್ತು ಪಟ್ಟು ಹಗುರ.

ಹೆಸರು ಎಲ್ಲೂ ಕಾಣದಿದ್ದರೆ ಜಾಯಿಂಟ್ ಪಿನ್ನಿನ ದಪ್ಪ ಮತ್ತು ಮರೆಗಳನ್ನು, ಅಂದರೆ ತಿರುಪಿನ ಸುತ್ತುಗಳನ್ನು, ನೋಡಿ. 5/16-14 ಅಂದರೆ ಇಂಚಿನ ಹದಿನಾರರಲ್ಲಿ ಐದು ಭಾಗ ದಪ್ಪ, ಇಂಚಿಗೆ 14 ಮರೆ. ಬಾಲಬುಷ್ಕ, ಜಾಸ್ ಪರಂಪರೆ ಇದು. ಮ್ಯೂಚಿಯದು 5/16-18. ಮೆಕ್‌ಡರ್ಮಟ್ 3/8-10. ಲಾಸ್ ವೇಗಸ್‌ನ ಸೌತ್‌ವೆಸ್ಟ್ 3/8-11. ಪಿನ್ ಒಂದರಿಂದಲೇ ತಯಾರಕ ಯಾರು ಅಂತ ಹೇಳಲಾಗದು, ಆದರೆ ಯಾರು ಅಲ್ಲ ಅಂತ ಹೇಳಬಹುದು. 3/8-10 ಪಿನ್ ಇರುವ ಕ್ಯೂವನ್ನು ಬಾಲಬುಷ್ಕ ಅಂತ ಯಾರಾದರೂ ತಂದರೆ ನಿಮ್ಮ ಹುಬ್ಬು ಮೇಲೇರಬೇಕು.

ಸೌತ್‌ವೆಸ್ಟ್ ಪ್ರಸ್ತಾಪ ಬಂತಲ್ಲ, ಅದು ವಿಚಿತ್ರ ಪ್ರಕರಣ. ಸ್ಥಾಪಕ ಜೆರ್ರಿ ಫ್ರಾಂಕ್ಲಿನ್ 1996ರಲ್ಲಿ ತೀರಿಕೊಂಡರು. ಅಂಗಡಿ ಮುಂದುವರಿಯಿತು. ಹೊಸ ಕ್ಯೂ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ಕಾಯಲು ಆಗದವರು ಬಳಸಿದ ಕ್ಯೂಗೇ ಹೊಸದರ ಬೆಲೆಗಿಂತ ಹೆಚ್ಚು ಕೊಡುತ್ತಾರೆ. ಇಂಥ ಕ್ಯೂಗಳ ಬೆಲೆ ಕಟ್ಟುವಾಗ ತಯಾರಕನ ದರಪಟ್ಟಿಯನ್ನು ಪಕ್ಕಕ್ಕಿಡಬೇಕು.

ಪಿನ್ನಿನ ಅಳತೆಗೆ ಈಗ ಇನ್ನೊಂದು ಮಹತ್ವ ಬಂದಿದೆ. 2016ರ ಹೊತ್ತಿಗೆ ಪ್ರೆಡೇಟರ್ ಕಂಪನಿಯ ರೆವೋ ಬಂದ ಮೇಲೆ ಕಾರ್ಬನ್ ಫೈಬರ್ ಶಾಫ್ಟುಗಳ ಗಾಳಿ ಬೀಸಿತು. ಈಗ ಹಳೆಯ ಬಟ್ ಕೊಳ್ಳುವ ಎಷ್ಟೋ ಆಟಗಾರರು ಅದಕ್ಕೆ ಕಾರ್ಬನ್ ಶಾಫ್ಟ್ ಹಾಕಿಕೊಂಡೇ ಆಡುತ್ತಾರೆ. ನಿಮ್ಮ ಕ್ಯೂವಿನ ಪಿನ್ ಪ್ರಚಲಿತ ಅಳತೆಯದಾಗಿದ್ದರೆ ಆಟಗಾರರೂ ಗಿರಾಕಿಗಳಾಗುತ್ತಾರೆ. ಯಾರೂ ಕೇಳದ ಅಳತೆಯಾದರೆ ಉಳಿಯುವುದು ಸಂಗ್ರಹಕಾರರು ಮಾತ್ರ.

ಕಥೆಗೆ ಎಷ್ಟು ಬೆಲೆ

‘ಇದು ದೊಡ್ಡ ಚಾಂಪಿಯನ್ ಬಳಿ ಇದ್ದದ್ದು’ ಅನ್ನುವ ಮಾತು ಹಳೇ ಕ್ಯೂ ಜೊತೆ ಬಂದೇ ಬರುತ್ತದೆ. ಬಾಯಿಮಾತಿಗೆ ಕೊಡುವ ಬೆಲೆ ಸೊನ್ನೆ. ಚಾಂಪಿಯನ್ ಅದೇ ಕ್ಯೂ ಹಿಡಿದಿರುವ ಫೋಟೋ, ತಯಾರಕನ ಪತ್ರ, ಅಂದಿನ ರಸೀದಿ ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಥೆ ಸಾಬೀತಾದರೆ ಮರದ ಬೆಲೆಗೂ ಕ್ಯೂವಿನ ಬೆಲೆಗೂ ಸಂಬಂಧವೇ ಉಳಿಯುವುದಿಲ್ಲ. ಸ್ನೂಕರಿನ ಸ್ಟೀಫನ್ ಹೆಂಡ್ರಿ ಏಳು ವಿಶ್ವ ಪ್ರಶಸ್ತಿ ಗೆದ್ದದ್ದು ಹುಡುಗನಾಗಿದ್ದಾಗ ಕೊಂಡ 40 ಪೌಂಡಿನ ಕ್ಯೂನಲ್ಲಿ. 2003ರಲ್ಲಿ ವಿಮಾನ ಪ್ರಯಾಣದಲ್ಲಿ ಅದು ಮುರಿಯಿತು. ಅಂಗಡಿಯಲ್ಲಿ ಅಂಥದ್ದೇ ಇನ್ನೊಂದು ಸಿಗಬಹುದಿತ್ತು, ಆದರೆ ಅದು ಹೆಂಡ್ರಿಯ ಕ್ಯೂ ಆಗುತ್ತಿರಲಿಲ್ಲ.

ಪೆಟ್ಟಿಗೆಯನ್ನೂ ಮರೆಯಬೇಡಿ. ಫೆಲಿನಿ, ಇಟ್ಸ್ ಜಾರ್ಜ್ ಮುಂತಾದ ಹಳೆಯ ಕೇಸುಗಳಿಗೆ ಬೇರೆಯೇ ಗಿರಾಕಿಗಳಿದ್ದಾರೆ. ಒಳಗಿನ ಕ್ಯೂಗಿಂತ ಕೇಸಿಗೇ ಹೆಚ್ಚು ದುಡ್ಡು ಬರುವುದೂ ಉಂಟು.

ಇನ್ನು ಸ್ವಚ್ಛ ಮಾಡುವ ಆಸೆ. ಹಳೇ ವಾರ್ನಿಷ್ ಮಬ್ಬಾಗಿದೆ, ಸ್ವಲ್ಪ ಉಜ್ಜಿ ಹೊಸ ಪಾಲಿಶ್ ಹೊಡೆದರೆ ಬೆಲೆ ಏರಬಹುದು ಅಂತ ಅನ್ನಿಸುವುದು ಸಹಜ. ದಯವಿಟ್ಟು ಕೈ ಹಾಕಬೇಡಿ. ಕಾರ್ಖಾನೆ ಕ್ಯೂಗೆ ಅದರಿಂದ ದೊಡ್ಡ ನಷ್ಟ ಇಲ್ಲದಿರಬಹುದು. ಕೈತಯಾರಿಕೆಯ ಕ್ಯೂಗೆ ಮಾತ್ರ ಮೂಲ ತಯಾರಕನೋ ಅವನ ಉತ್ತರಾಧಿಕಾರಿಯೋ ಮಾಡಿದ ದುರಸ್ತಿಗೆ ಒಂದು ಬೆಲೆ, ಅಪರಿಚಿತ ಕೈ ಮಾಡಿದ್ದಕ್ಕೆ ಇನ್ನೊಂದು ಬೆಲೆ. ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಅಷ್ಟು ಸಾಕು.

ಬೆಲೆಯ ಲೆಕ್ಕ

ಮಾದರಿ ಗೊತ್ತಾಯಿತು, ಸ್ಥಿತಿ ಗೊತ್ತಾಯಿತು. ಈಗ ದರ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಮಾರಲು ಇಟ್ಟ ಬೆಲೆಯನ್ನು ಮಾರಾಟವಾದ ಬೆಲೆ ಅಂದುಕೊಳ್ಳುವುದು. ಇಬೇಯಲ್ಲಿ ಯಾರೋ 900 ಡಾಲರ್ ಅಂತ ಹಾಕಿ ಎರಡು ವರ್ಷದಿಂದ ಕೂತಿದ್ದಾರೆ ಅಂದರೆ, ಆ ಕ್ಯೂಗೆ 900 ಬರುವುದಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಹುಡುಕುವಾಗ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿ. ಕ್ಯೂ ಹರಾಜುಗಳ ಹಿಂದಿನ ಫಲಿತಾಂಶಗಳನ್ನೂ ನೋಡಿ. ಮುದ್ರಿತ ಬೆಲೆಪುಸ್ತಕಗಳು ತಯಾರಕರ ಪರಿಚಯಕ್ಕೆ ಒಳ್ಳೆಯವು, ಆದರೆ ಅದರೊಳಗಿನ ದರ ಅಚ್ಚಾದ ವರ್ಷದ್ದು.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 1980ರ ದಶಕದ ಕಾರ್ಖಾನೆ ಕ್ಯೂ ಒಂದಕ್ಕೆ ಈಚಿನ ಮೂರು ಮಾರಾಟ ಸಿಕ್ಕಿತು ಅಂದುಕೊಳ್ಳಿ: 180, 240, 410 ಡಾಲರ್. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಸುಮಾರು 277 ಬರುತ್ತದೆ. ಆ ಸಂಖ್ಯೆ ಯಾವ ಉಪಯೋಗಕ್ಕೂ ಇಲ್ಲ. ಬದಲಿಗೆ ಒಂದೊಂದನ್ನೂ ತೆರೆದು ಓದಿ. 410 ಬಂದದ್ದು ಆಡದೇ ಇಟ್ಟಿದ್ದ, ಎರಡು ಶಾಫ್ಟ್ ಮತ್ತು ಮೂಲ ಕೇಸ್ ಇದ್ದ ಕ್ಯೂಗೆ. 180 ಬಂದದ್ದು ಶಾಫ್ಟ್ ಬಾಗಿದ್ದಕ್ಕೆ. 240ರದ್ದು ಒಂದೇ ಶಾಫ್ಟ್, ನೇರ, ಸಣ್ಣಪುಟ್ಟ ಗೀರು. ನಿಮ್ಮದೂ ಒಂದೇ ಶಾಫ್ಟಿನದು, ನೇರ, ಆದರೆ ಸುತ್ತಿದ ದಾರ ಕೊಳೆಯಾಗಿದೆ, ಟಿಪ್ ಹೋಗಿದೆ. ಅಂದಮೇಲೆ ನಿಮ್ಮ ಜೋಡಿ 240ರದ್ದು. ಕೊಳ್ಳುವವರು ಟಿಪ್ ಹಾಕಿಸಲು ತಗಲುವ ಖರ್ಚು ಕಳೆದು ಕೇಳುತ್ತಾರೆ. ಒಟ್ಟು 220 ಅನ್ನಿ.

ಆ 220 ನಿಮ್ಮ ಕೈಗೆ ಬರುವುದಿಲ್ಲ. ಮಾರುವ ತಾಣದ ಕಮಿಷನ್ ಶೇ. 13ರ ಆಸುಪಾಸು ಅಂತ ಹಿಡಿದರೆ 29 ಹೋಯಿತು. ಗಟ್ಟಿ ಕೊಳವೆಯಲ್ಲಿ ಪ್ಯಾಕ್ ಮಾಡಿ ಕಳಿಸಲು 25 ಅನ್ನಿ. ಉಳಿದದ್ದು 166. ಅದೇ ಕ್ಯೂವನ್ನು ಅಂಗಡಿಯವನಿಗೆ ಒಯ್ದರೆ ಅವನು ನೂರರ ಆಜುಬಾಜು ಕೇಳಬಹುದು. ಅವನು ಮೋಸ ಮಾಡುತ್ತಿಲ್ಲ. ಅದನ್ನು ಸರಿಮಾಡಿ, ತಿಂಗಳುಗಟ್ಟಲೆ ಇಟ್ಟುಕೊಂಡು ಮಾರಬೇಕಾದವನು ಅವನು. ‘ಈ ಕ್ಯೂ ಬೆಲೆ ಎಷ್ಟು’ ಅನ್ನುವುದಕ್ಕೆ ಹೀಗೆ 220, 166, 100 ಅಂತ ಮೂರು ನಿಜವಾದ ಉತ್ತರ ಇರುತ್ತವೆ. ಯಾರಿಗೆ, ಎಷ್ಟು ಬೇಗ ಮಾರುತ್ತೀರಿ ಅನ್ನುವುದರ ಮೇಲೆ ನಿಮ್ಮದು ಯಾವುದು ಅಂತ ತೀರ್ಮಾನ.

ಈ ಸ್ವಂತ ಲೆಕ್ಕ ಕಾರ್ಖಾನೆ ಕ್ಯೂಗಳಿಗೆ ಮಾತ್ರ. ಕೈತಯಾರಿಕೆಯ ದೊಡ್ಡ ಹೆಸರಿನ ಅನುಮಾನ ಬಂದರೆ ನೀವಾಗೇ ಬೆಲೆ ಕಟ್ಟಲು ಹೋಗಬೇಡಿ. ನಕಲುಗಳು ಬಹಳ ಇವೆ, ಅವನ್ನು ಹಿಡಿಯುವ ಕಣ್ಣು ಕೆಲವೇ ಮಂದಿಗೆ ಇದೆ. ಆ ತಯಾರಕನ ಕ್ಯೂಗಳನ್ನೇ ನೋಡಿ ಪಳಗಿದವರ ಲಿಖಿತ ಅಭಿಪ್ರಾಯಕ್ಕೆ ದುಡ್ಡು ಖರ್ಚಾದರೂ ಪರವಾಗಿಲ್ಲ. ಕೊಳ್ಳಲು ಬಂದವನನ್ನೇ ‘ಇದು ಅಸಲಿಯಾ’ ಅಂತ ಕೇಳಬೇಡಿ, ಅಷ್ಟೇ.

ದಂತ ಇದ್ದರೆ

ಹಳೆಯ ಒಳ್ಳೆಯ ಕ್ಯೂಗಳಲ್ಲಿ ಫೆರೂಲ್, ಜಾಯಿಂಟ್, ಸಣ್ಣ ಚುಕ್ಕೆಗಳು ಆನೆದಂತದ್ದಾಗಿರುತ್ತಿದ್ದವು. ಒಂದು ಕಾಲದಲ್ಲಿ ಇದು ಬೆಲೆ ಏರಿಸುತ್ತಿತ್ತು. ಈಗ ಮಾರುವುದೇ ಕಷ್ಟ ಮಾಡುತ್ತದೆ. ಇಬೇ 2009ರಿಂದಲೇ ದಂತದ ವಸ್ತುಗಳನ್ನು ನಿಷೇಧಿಸಿದೆ. ಅಮೆರಿಕ ಸರ್ಕಾರ 2016ರ ಜುಲೈಯಲ್ಲಿ ಆಫ್ರಿಕನ್ ಆನೆದಂತದ ವ್ಯಾಪಾರವನ್ನು ಬಹುಪಾಲು ನಿಲ್ಲಿಸಿತು. 200 ಗ್ರಾಮಿಗಿಂತ ಕಡಿಮೆ ದಂತ ಇರುವ ಹಳೆಯ ವಸ್ತುಗಳಿಗೆ ಕೆಲವು ಷರತ್ತಿನ ಮೇಲೆ ದೇಶದೊಳಗೆ ವಿನಾಯಿತಿ ಇದೆ. ಆದರೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ರಾಜ್ಯಗಳ ಕಾನೂನು ಇನ್ನೂ ಬಿಗಿ. ನಮ್ಮವರು ಹೆಚ್ಚಾಗಿ ಇರುವುದೂ ಅಲ್ಲೇ ನೋಡಿ.

ದಂತ ಹೌದೋ ಅಲ್ಲವೋ ಅಂತ ನೋಡಲು ಕಾದ ಸೂಜಿ ಚುಚ್ಚುವ ಹಳೇ ಉಪಾಯ ಬೇಡ, ತೂತು ನಿಮ್ಮ ಕ್ಯೂಗೇ ಬೀಳುತ್ತದೆ. ಭೂತಗನ್ನಡಿಯಲ್ಲಿ ದಂತದ ಅಡ್ಡಸೀಳಿನಲ್ಲಿ ಒಂದನ್ನೊಂದು ದಾಟುವ ಸಣ್ಣ ಗೆರೆಗಳ ಜಾಲ ಕಾಣುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಅದು ಇರುವುದಿಲ್ಲ.

ಮರಕ್ಕೂ ಕಾನೂನು ಇದೆ. ಬ್ರೆಜಿಲಿನ ರೋಸ್‌ವುಡ್ 1992ರಿಂದ ಸೈಟ್ಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಅತಿ ಬಿಗಿ ಪಟ್ಟಿಯಲ್ಲಿದೆ. 2017ರಲ್ಲಿ ಅದೇ ಜಾತಿಯ ಉಳಿದ ಮರಗಳೂ, ನಮ್ಮ ಪಶ್ಚಿಮ ಘಟ್ಟದ ಬೀಟೆಯೂ ಸೇರಿ, ಸ್ವಲ್ಪ ಸಡಿಲವಾದ ಎರಡನೇ ಪಟ್ಟಿಗೆ ಬಂದವು. ಒಂದು ಕ್ಯೂನಲ್ಲಿರುವ ಬೀಟೆಯ ತೂಕ ಸಣ್ಣದು, ಹಾಗಾಗಿ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಬ್ರೆಜಿಲಿನದಾದರೆ ದೇಶ ದಾಟಿಸುವ ಮುಂಚೆ ವಿಚಾರಿಸಲೇಬೇಕು.

ಊರಿಗೆ ತಂದರೆ?

ಬೆಂಗಳೂರು ಪಂಕಜ್ ಅಡ್ವಾಣಿಯ ಊರು, ಇಲ್ಲಿ ಕ್ಯೂ ಬಲ್ಲವರಿಗೆ ಬರವಿಲ್ಲ. ಆದರೆ ಇಲ್ಲಿನ ಕಣ್ಣು ಪಳಗಿರುವುದು ಸ್ನೂಕರ್ ಮತ್ತು ಬಿಲಿಯರ್ಡ್ಸ್ ಕ್ಯೂನಲ್ಲಿ. ಅದು ಹೆಚ್ಚಾಗಿ ಆಶ್ ಮರದ್ದು, ಹಿತ್ತಾಳೆ ಫೆರೂಲಿನದು, ತುದಿ 9ರಿಂದ 10 ಮಿ.ಮೀ. ಮಾತ್ರ. ಹೆಸರುಗಳೂ ಬೇರೆ: ಲಂಡನ್ನಿನ ಜಾನ್ ಪ್ಯಾರಿಸ್, ಲಿವರ್‌ಪೂಲಿನ ಪೆರಡಾನ್, ಜೊತೆಗೆ ರೈಲಿ. 13 ಮಿ.ಮೀ. ತುದಿಯ ಮೇಪಲ್ ಕ್ಯೂ ಕೈಗೆ ಕೊಟ್ಟರೆ ಸ್ನೂಕರ್ ಆಟಗಾರ ಒಮ್ಮೆ ತಿರುಗಿಸಿ ನೋಡಿ ವಾಪಸ್ ಕೊಡುತ್ತಾನೆ. ಅಮೆರಿಕದಲ್ಲಿ ಸಾವಿರ ಡಾಲರ್ ಬಾಳುವ ಜಾಸ್ ಕ್ಯೂಗೆ ಇಲ್ಲಿ ಅದರ ಕಾಲುಭಾಗ ಕೊಡುವವರನ್ನು ಹುಡುಕುವುದೂ ಕಷ್ಟ.

ಇದರ ಉಲ್ಟಾ ಕೂಡ ನಿಜ. ನಮ್ಮ ಕಡೆಯ ಹಳೇ ಕ್ಲಬ್ಬುಗಳಲ್ಲೋ ಎಸ್ಟೇಟ್ ಬಂಗಲೆಗಳಲ್ಲೋ ಬ್ರಿಟಿಷರ ಕಾಲದ ಬಿಲಿಯರ್ಡ್ಸ್ ಕ್ಯೂ ಉಳಿದಿದ್ದು, ಬಟ್ಟಿನ ಚಪ್ಪಟೆ ಭಾಗದಲ್ಲಿ ಬರೋಸ್ ಅಂಡ್ ವಾಟ್ಸ್ ಥರದ ತಯಾರಕರ ಬಿಲ್ಲೆ ಅಥವಾ ಜೋ ಡೇವಿಸ್‌ನಂಥ ಚಾಂಪಿಯನ್ ಹೆಸರು ಇದ್ದರೆ, ಅದಕ್ಕೆ ಗಿರಾಕಿಗಳಿರುವುದು ಇಂಗ್ಲೆಂಡಿನಲ್ಲಿ. ಅಲ್ಲಿಗೆ ಕಳಿಸುವ ಮುಂಚೆ ದಂತದ ತುಣುಕು ಇದೆಯೇ ಅಂತ ನೋಡಬೇಕು. ಇದ್ದರೆ ಮಾರುವ ಮಾತೇ ಬೇಡ. ಭಾರತದಲ್ಲಿ ಆಫ್ರಿಕದ ದಂತದ ವ್ಯಾಪಾರವೂ 1991ರ ತಿದ್ದುಪಡಿಯಿಂದ ನಿಂತಿದೆ.

ಅಮೆರಿಕ ಬಿಟ್ಟು ಊರಿಗೆ ವಾಪಸ್ ಬರುವವರು ಮಾರುವುದಿದ್ದರೆ ಅಲ್ಲೇ ಮಾರಿ ಬರುವುದು ಲೇಸು. ಆಡುವ ಆಸೆ ಇದ್ದರೆ ತನ್ನಿ. ಬಿಚ್ಚಿದರೆ ಒಂದೊಂದು ತುಂಡು 29 ಇಂಚು, ದೊಡ್ಡ ಸೂಟ್‌ಕೇಸಿನಲ್ಲಿ ಓರೆಯಾಗಿ ಕೂರುತ್ತದೆ. ಕೈಚೀಲದಲ್ಲಿ ಮಾತ್ರ ಹಾಕಬೇಡಿ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಕ್ಯೂವನ್ನು ಕ್ಯಾಬಿನ್ ಒಳಗೆ ಬಿಡುವುದಿಲ್ಲ.